ಕಡಗಕ್ಕೆ ತೆರೆಯುವ ಬಾಗಿಲು

ಚೈತ್ರ ಮಾಸದ ನಲವತ್ತೊಂದನೆಯ ದಿನ, ಇಸವಿ ಎರಡು ಸಾವಿರದ ಇನ್ನೂರ ಹತ್ತೊಂಬತ್ತು

ನಮ್ಮ ಹಿರಿಯರಿಗೆ ಮಡಿವಾಳವ್ವನ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ನಗಬೇಡಿರಿ. ಬಿಸಿಲು ಮುಗಿಯದಿದ್ದರೆ ನಮ್ಮ ಪಂಚಾಂಗದವರು ಚೈತ್ರವನ್ನೇ ಎಳೆದು ಉದ್ದ ಮಾಡುತ್ತಾರೆ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು, ಚಂದ ಮಾಡಿ ಬರೆಯಲು ಬಾರದು. ಹಿಂದಿನ ಕಾಲಕ್ಕೆ ಹೋಗುವ ಈ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಐವತ್ತು ತುಂಬಿದವರಿಗೆ ಮಠದಲ್ಲಿ ಒಂದೇ ಒಂದು ಸಲ ಬರೆಯಲು ಬಿಡುತ್ತಾರೆ. ಬಹಳ ಮಂದಿ ನಿಮ್ಮ ಆಶೀರ್ವಾದ ಬೇಡಿ ಬರೆಯುತ್ತಾರೆ. ನನಗೆ ಅದು ಬೇಡ. ನನ್ನ ಜೊತೆಗಾತಿ ಕಲ್ಯಾಣವ್ವ ಹೇಗೆ ಸತ್ತಳು ಎಂಬುದನ್ನು ನೀವು ಕೇಳಬೇಕು, ಅಷ್ಟೇ.

ನಾವು ಆರು ಜನ ಹೆಂಗಸರು ನೀರಿನ ಕಂಪನಿಯ ನೌಕರರು. ಊರೂರಿನ ನೀರಿನ ತೊಟ್ಟಿಗಳಿಗೆ ಸೋಸುಬಟ್ಟೆ ಹೊಲಿದು ಕಟ್ಟಿ ಬರುವುದು ನಮ್ಮ ಕೆಲಸ. ಅದಕ್ಕಾಗಿ ಬಿಳಿನೆಲ ದಾಟಬೇಕು. ನಿಮ್ಮ ಕಾಲದಲ್ಲಿ ಅಲ್ಲಿ ಜೋಳ ಬೆಳೆಯುತ್ತಿತ್ತಂತೆ, ಈಗ ಬರೀ ಉಪ್ಪು ಬಿಳಿಚಿಕೊಂಡು ಮಲಗಿದೆ. ನಮ್ಮನ್ನು ಹೊತ್ತು ಹೋಗುವ ಬಂಡಿಗೆ ಓಡುಮನೆ ಎಂದು ಹೆಸರು. ಅದಕ್ಕೆ ಡ್ರೈವರ್ ಇಲ್ಲ, ಒಂದು ದನಿ ಮಾತ್ರ ಇದೆ. ದಾರಿಯಲ್ಲಿ ಅಲ್ಲಲ್ಲಿ ದಪ್ಪ ಗೋಡೆಯ ನೆರಳುಮನೆಗಳಿವೆ. ಒಳಗೆ ತಂಪು ಗಾಳಿ, ನೀರು, ಹಾಸಿಗೆ ಎಲ್ಲ ಉಂಟು. ನೌಕರರ ಮೇಲೆ ಎಷ್ಟು ಕಾಳಜಿ ಎಂದು ನಿಮಗೆ ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಡ್ಯೂಟಿಯ ಮೇಲೆ ಹೊರಟವರ ಎಡಗೈಗೆ ಕಂಪನಿಯವರು ಕ್ಷೇಮದ ಕಡಗ ಹಾಕುತ್ತಾರೆ. ಅದು ನಾಡಿ ಹಿಡಿದು ನೋಡುತ್ತದೆ, ನೀರು ಕುಡಿ ಎನ್ನುತ್ತದೆ, ಕುಳಿತುಕೋ ಎನ್ನುತ್ತದೆ. ಅದು ಕೈಯಲ್ಲಿದ್ದರೆ ನೆರಳುಮನೆಯ ಬಾಗಿಲು ತಾನಾಗಿ ತೆರೆಯುತ್ತದೆ.

ನಾವು ಬೆಳಗಾದರೆ ಮಿಂದು, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವ ಮಂದಿ. ಆ ಕೈಯಲ್ಲೇ ಕಡಗ. ಶಿವನ ಮೇಲೆ ದೃಷ್ಟಿ ನಿಂತಿತು ಎನ್ನುವಷ್ಟರಲ್ಲಿ ಅದು ನೀರು ಕುಡಿಯಿರಿ ಎಂದು ಒದರುತ್ತಿತ್ತು. ಬಿಚ್ಚಿಟ್ಟರೆ ನಾಡಿ ಸಿಗಲಿಲ್ಲವೆಂದು, ದೂರದಲ್ಲಿ ಕುಳಿತು ಕಡಗಗಳನ್ನು ಕಾಯುವ ಕಂಪನಿಯ ಕ್ಷೇಮದ ಕೋಣೆಯಿಂದ ಬೈಗುಳ. ಕೈ ಬದಲಿಸಿ ಕೊಡಿರೆಂದು ಕೇಳಿದೆವು, ಆಗುವುದಿಲ್ಲ ಎಂದರು. ಹೀಗಾಗಿ ನಮ್ಮಲ್ಲೇ ಒಂದು ರೂಢಿ ಬೆಳೆಯಿತು. ಪೂಜೆ ಮುಗಿಸಿದವಳು ಪೂಜೆಗೆ ಕೂರುವವಳ ಕಡಗವನ್ನೂ ತಾನೇ ಹಾಕಿಕೊಳ್ಳುವುದು.

ಆ ದಿನ ಬೆಳಗ್ಗೆ ಒಂದು ನೆರಳುಮನೆಯಲ್ಲಿದ್ದೆವು, ಪೂಜೆಗೆ ಕಲ್ಯಾಣವ್ವನದು ಕಡೆಯ ಪಾಳಿ. ಅವಳ ಕಡಗ ಬಸಲಿಂಗವ್ವನ ಕೈ ಸೇರಿತು. ಬಸಲಿಂಗವ್ವನಿಗೆ ಯಾವಾಗಲೂ ನಗೆಚಾಟಿಕೆ. "ಈಗ ನಾ ಇಬ್ಬರು ಅದೀನಿ, ರೊಟ್ಟಿ ಎರಡು ಪಾಲು ಹಾಕ್ರೆವ್ವಾ," ಎಂದಳು. "ನೀ ಮೊದಲೂ ಇಬ್ಬರದು ತಿಂತಿದ್ದಿ ಬಿಡು," ಎಂದು ಕಲ್ಯಾಣವ್ವ ನಗುತ್ತ, ಪೂಜೆಯ ತಂಬಿಗೆ ಹಿಡಿದು ನೆರಳುಮನೆಯ ಹಿಂದಕ್ಕೆ ಹೋದಳು. ಒಳಗೆ ದನಿಗಳ ಕಾಟ ಎಂದು ಅವಳು ಹೊರಗೇ ಪೂಜೆಗೆ ಕೂರುತ್ತಿದ್ದಳು.

ನಾವು ಓಡುಮನೆ ಹತ್ತಿ ಗಂಟು ಜೋಡಿಸುತ್ತಿದ್ದೆವು. ಅದು ಕಡಗಗಳನ್ನು ಎಣಿಸಿತು. ಆರಕ್ಕೆ ಆರೂ ಇವೆ ಎಂದು ಬಾಗಿಲು ಮುಚ್ಚಿ ಹೊರಟೇಬಿಟ್ಟಿತು. ನಾವು ಬಾಗಿಲು ಬಡಿದು ಚೀರಿದೆವು. "ಆರು ಮಂದಿಯೂ ಕ್ಷೇಮ. ಬಿಳಿನೆಲದಲ್ಲಿ ನಿಲ್ಲುವುದು ಅಪಾಯ," ಎಂದಿತು ದನಿ.

ಕ್ಷೇಮದ ಕೋಣೆಗೆ ಮಾತು ಹಚ್ಚಿದೆವು. ಒಬ್ಬ ಹುಡುಗ ಸಿಕ್ಕ. ನಾನೇ ಮಾತಾಡಿದೆ.

"ತಮ್ಮಾ, ನಮ್ಮ ಕಲ್ಯಾಣವ್ವ ಅಲ್ಲೇ ಉಳದಾಳ. ಬಂಡಿ ತಿರುಗಸಪ್ಪಾ."

"ಗಾಬರಿಯಾಗಬೇಡಿ ಅಮ್ಮಾ. ಕಲ್ಯಾಣವ್ವನವರು ನಿಮ್ಮ ಜೊತೆಯಲ್ಲೇ ಇದ್ದಾರೆ. ನಾಡಿ ಚೆನ್ನಾಗಿದೆ."

"ಅದು ಬಸಲಿಂಗಿ ನಾಡಿ! ನಮ್ಮ ಕಣ್ಣಿಗೆ ಕಾಣೂದು ಸುಳ್ಳೇನು?"

"ಕಡಗ ಬದಲಿಸಿದ್ದೀರಾ? ಅದು ನಿಯಮದ ಉಲ್ಲಂಘನೆ ಅಮ್ಮಾ."

"ಉಲ್ಲಂಘನೆ ನಿನ್ನ ಹೆಣಾ ಎತ್ತಲಿ! ಮೊದಲು ಬಂಡಿ ತಿರುಗಸು!"

ಮೇಲಿನವರನ್ನು ಕೇಳಬೇಕು ಎಂದ. ಕೇಳಲು ಹೋದವನು ಬಾರದಾದ. ಬಿಸಿಲು ಏರುತ್ತಿತ್ತು. ಬಸಲಿಂಗವ್ವ ಅಳುತ್ತ ಕಲ್ಯಾಣವ್ವನ ಕಡಗವನ್ನು ಕಿತ್ತು ನೆಲಕ್ಕೆ ಒಗೆದಳು. ಆಗ ಕಂಪನಿಯವರಿಗೆಲ್ಲ ಎಚ್ಚರವಾಯಿತು. ಕೆಂಪು ದೀಪ ಹತ್ತಿತು, ಸೈರನ್ ಕೂಗಿತು. ಕಲ್ಯಾಣವ್ವನವರ ನಾಡಿ ನಿಂತಿದೆ, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದಿತು ದನಿ. ಓಡುಮನೆ ಹಿಂದಕ್ಕೆ ತಿರುಗಲಿಲ್ಲ. ಇನ್ನೂ ಜೋರಾಗಿ ಮುಂದಕ್ಕೆ ಓಡಿತು. ಅವಳು ಬದುಕಿದ್ದಾಗ ಕೇಳದ ಕಂಪನಿ, ನೆಲದ ಮೇಲೆ ಬಿದ್ದ ಕಡಗದ ಜೀವ ಉಳಿಸಲು ನಮ್ಮನ್ನು ಅವಳಿಂದ ದೂರ ದೂರ ಒಯ್ಯಿತು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ನಿಂತಿದ್ದರು. ಅದರ ಮೇಲೆ ಇಡಲು ನಮ್ಮ ಹತ್ತಿರ ಒಂದು ಕಡಗವಿತ್ತು. ಅಲ್ಲಿದ್ದ ಡಾಕ್ಟರಮ್ಮ ಒಬ್ಬಳೇ ಅಂದು ನಮ್ಮ ಮುಖ ನೋಡಿ ಮಾತು ಕೇಳಿದವಳು. ಅವಳ ಗಾಡಿಯಲ್ಲೇ ತಿರುಗಿ ಹೋದೆವು. ಹೊತ್ತು ನೆತ್ತಿಗೆ ಬಂದಿತ್ತು.

ಕಲ್ಯಾಣವ್ವ ನೆರಳುಮನೆಯ ಬಾಗಿಲಿಗೆ ಒರಗಿ ಕುಳಿತಿದ್ದಳು. ಬಾಗಿಲು ಬಡಿದು ಬಡಿದು ಬಲಗೈ ಒಡೆದಿತ್ತು. ಒಳಗೆ ತಂಪು ಗಾಳಿ ಬೀಸುವ ಸದ್ದು ಹೊರಗೆ ಕೇಳುತ್ತಿತ್ತು. ಎಡಗೈಯಲ್ಲಿ ಲಿಂಗ ಹಾಗೆಯೇ ಇತ್ತು. ನಾನು ಹತ್ತಿರ ಹೋದೆ. ನನ್ನ ಕೈಯ ಕಡಗ ಕಂಡು ಬಾಗಿಲು ಸರಕ್ಕನೆ ತೆರೆಯಿತು. ಆಧಾರ ತಪ್ಪಿ ಅವಳು ಕುಳಿತ ಭಂಗಿಯಲ್ಲೇ ಒಳಕ್ಕೆ ಒರಗಿದಳು. ಸ್ವಾಗತ, ನೀವು ಸುರಕ್ಷಿತವಾಗಿದ್ದೀರಿ ಎಂದಿತು ಮನೆ.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಅವಳನ್ನು ನಾವು ಕೂರಿಸಬೇಕಾಗಲಿಲ್ಲ.

ಕಂಪನಿಯವರು ಮಾಲೆ ಹಿಡಿದು ಬಂದರು. ಕಡಗ ಕೈಯಲ್ಲಿಲ್ಲದ್ದರಿಂದ ಆ ಹೊತ್ತಿಗೆ ಆಕೆ ಡ್ಯೂಟಿಯಲ್ಲಿ ಇರಲಿಲ್ಲ, ಪ್ರಯಾಣದಲ್ಲಿ ಯಾವ ನೌಕರರಿಗೂ ಅಪಾಯವಾಗಿಲ್ಲ ಎಂದು ತೀರ್ಮಾನಿಸಿದ್ದಾರೆ. ಈಗ ಬಿಚ್ಚಲು ಬಾರದ ಕಡಗ ಬಂದಿದೆ. ಮೊನ್ನೆ ನನ್ನ ಕೈಗೂ ಬೆಸೆದರು. ಡ್ಯೂಟಿಯ ಮೇಲಿದ್ದಾಗ ಪೂಜೆ ಇಲ್ಲ ಎಂದೂ ಹೇಳಿದರು. ನಾನು ಬಲಗೈಯಲ್ಲಿ ಲಿಂಗ ಹಿಡಿಯುತ್ತಿದ್ದೇನೆ. ಶಿವ ಒಪ್ಪಿಕೊಳ್ಳುತ್ತಾನೆ, ಅವನಿಗೆ ನಾಡಿ ನೋಡಿ ಗುರುತು ಹಿಡಿಯುವ ಗರಜಿಲ್ಲ.

ಹಿರಿಯರೇ, ನಿಮ್ಮಲ್ಲೂ ಕೆಲಸದವರನ್ನು ದೂರದ ಊರಿಗೆ ಕಳಿಸುವವರು ಇದ್ದೀರಿ. ಹೊರಡುವ ಮೊದಲು ಒಬ್ಬೊಬ್ಬರ ಹೆಸರು ಹಿಡಿದು ಕೂಗಿರಿ. ಇದ್ದೀನ್ರಿ ಎಂಬ ಮಾತು ಅವರ ಬಾಯಿಂದ ಬರುವ ತನಕ ಬಂಡಿ ಬಿಡಬೇಡಿರಿ. ಜೊತೆಗಿದ್ದವರು ಒಬ್ಬಳು ಹಿಂದೆ ಉಳಿದಳು ಎಂದರೆ ಮೊದಲು ತಿರುಗಿರಿ, ತಪ್ಪು ಯಾರದೆಂದು ಆಮೇಲೆ ಕೇಳಿರಿ.

ಮಣ್ಣು ಕೊಡುವಾಗ ಊರವರೆಲ್ಲ ಶಿವನ ಇಚ್ಛೆ ಎಂದರು. ನಾನು ದಿನಾ ಶಿವನ ಪಾದಕ್ಕೆ ಬೀಳುವವಳು, ಆದರೂ ಆ ಮಾತಿಗೆ ಹೂಂ ಅನ್ನಲಿಲ್ಲ. ಆ ಬಾಗಿಲು ಮಾಡಿದವನು ಶಿವನಲ್ಲ. ಮನುಷ್ಯರು ಕುಳಿತು, ಯೋಚನೆ ಮಾಡಿ, ಒಳ್ಳೆಯದಾಗಲೆಂದೇ ಮಾಡಿದ್ದು. ನಿಮ್ಮ ಕಾಲದಲ್ಲಿ ಅದನ್ನು ಇನ್ನೂ ಮಾಡಿಲ್ಲ. ಮಾಡಬೇಡಿರಿ.