ದೂರ ಹೋದವರ ಊಟ

ಸಕಾತಾ
ನವೆಂಬರ್ ೧೯, ೨೦೧೬

ಕಿಯೋಹಿಕೊ ಅವರಿಗೆ ತೋಕಿಯೆಯ ನಮಸ್ಕಾರಗಳು.

ಅಲ್ಲಿಯ ಸೆಖೆ ನಿಮ್ಮ ಮೈಗೆ ಒಗ್ಗಿದೆ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸಿ. ಲಾವೋಸ್‌ನ ಆ ಹಳ್ಳಿಶಾಲೆಯಲ್ಲಿ ಇನ್ನೊಂದು ವರ್ಷ ಇಂಗ್ಲಿಷ್ ಕಲಿಸಲೇ ಎಂದು ಕೇಳಿದ್ದೀರಿ. ನಿವೃತ್ತಿಯಾದ ಮೇಲೆ ಒಂದೇ ವರ್ಷ ಎಂದು ಮಾತು ಕೊಟ್ಟು ಹೋದವರು ನೀವು. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ಕೆಡುತ್ತದೆ, ಅದಕ್ಕೇ ಕಾದೆ.

ಕಿತ್ತಳೆ ಬಣ್ಣದ ಕಾಕಿ ಹಣ್ಣು ಸುಲಿದು ಸೂರಿನಡಿ ಒಣಗಲು ಕಟ್ಟಿದ್ದೇನೆ. ಬೆಳಗಿನ ಮಂಜಿನಲ್ಲಿ ಅವು ಯಾರೋ ಹಚ್ಚಿಟ್ಟು ಮರೆತ ದೀಪಗಳ ಹಾಗೆ ಕಾಣುತ್ತವೆ.

ಮಾವನವರು ಮೀನು ಹಿಡಿಯಲು ಉತ್ತರಕ್ಕೆ ಹೋದಾಗ ಅತ್ತೆ ಮಾಡುತ್ತಿದ್ದಂತೆ, ನಾನೂ ದಿನಾ ಬೆಳಿಗ್ಗೆ ನಿಮ್ಮ ಜಾಗದಲ್ಲಿ ನಿಮ್ಮ ಪಾಲಿನ ಊಟ ಇಡುತ್ತೇನೆ. ದೂರ ಹೋದವರು ಹಸಿದಿರಬಾರದು. ಸಾರಿನ ಬಟ್ಟಲಿನ ಮುಚ್ಚಳ ತೆಗೆದಾಗ ಒಳಗೆ ಹನಿ ಕೂತಿದ್ದರೆ ಹೋದವರು ಕ್ಷೇಮ. ಬಿಸಿ ಸಾರಿಗೆ ಮುಚ್ಚಳವಿಟ್ಟರೆ ಹನಿ ಕೂರದೆ ಇರುತ್ತದೆಯೇ ಎಂದು ನಗುತ್ತೀರಿ. ನಗಿ. ನಾನು ಸುಡುಸುಡು ಸಾರನ್ನೇ ಬಡಿಸುತ್ತೇನೆ.

ಈಚೆಗೆ ಊಟದ ಪಕ್ಕ ನಿಮ್ಮ ಫೋಟೋ ಇಟ್ಟದ್ದು ತಪ್ಪಾಯಿತು. ನೀವು ಎಲ್ಲಿದ್ದೀರೆಂದು ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಗಂಡ ಬಿಟ್ಟುಹೋದ ಎಂದಾರೆಂಬ ಬಿಗುಮಾನ. ಮೂಲಂಗಿ ಕೊಡಲು ಬಂದ ಪಕ್ಕದ ಮನೆಯ ಕಿನುಯೊ ಅದನ್ನು ನೋಡಿ ಮಂಡಿಯೂರಿ, ಕೈಮುಗಿದು ಅಳತೊಡಗಿದಳು.

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕಾ? ಯಾವಾಗ ತೀರ್ಕೊಂಡ್ರು?"

"ಯಾರು?"

"ಯಜಮಾನ್ರು."

"ಅವ್ರು ಲಾವೋಸ್‌ನಲ್ಲಿ ಮಕ್ಕಳಿಗೆ ಪುಕ್ಕಟೆ ಇಂಗ್ಲಿಷ್ ಕಲಿಸ್ತಿದ್ದಾರೆ. ಮೊದಲು ಕಣ್ಣೊರಸ್ಕೋ, ಚಾಪೆ ನೆನೆಯುತ್ತೆ."

"ಮತ್ತೆ ಸತ್ತೋರಿಗೆ ಇಡೋ ಹಾಗೆ ಇಟ್ಟಿದ್ದೀರಲ್ಲ."

"ಬದುಕಿರೋರಿಗೂ ಇಡ್ತಾರೆ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

ಅವಳು ಮೂಗು ಒರೆಸಿಕೊಂಡಳು. "ಈ ವಯಸ್ಸಲ್ಲಿ, ಸಂಬಳ ಇಲ್ದೆ, ಅಷ್ಟು ದೂರ ಕೆಲಸಕ್ಕೆ ಹೋಗಿದ್ದಾರಾ? ತೀರ್ಕೊಂಡ್ರು ಅಂದ್ರೇನೇ ನಂಬೋದು ಸುಲಭ ಬಿಡಿ."

ಅವಳು ಹೋದ ಮೇಲೆ ಆ ಫೋಟೋದ ಎದುರು ನಾನೇ ಕೂತೆ. ಅವಳ ಅಳು ನಿಜವಾಗಿದ್ದರೆ ಎಂದು ಯೋಚಿಸುತ್ತ ಕೂತಲ್ಲೇ ತೂಕಡಿಸಿದೆ. ಅಗಲವಾದ ಒಂದು ನದಿ, ಆಚೆ ದಡವೇ ಇಲ್ಲವೆಂಬಷ್ಟು ಮಂಜು. ನೀವು ದೋಣಿಯಲ್ಲಿ ನಿಂತು ಪಾಠ ಹೇಳುತ್ತಿದ್ದೀರಿ. ಬಿಳಿ ಅಂಗಿಯ ಮಕ್ಕಳು ಅದನ್ನೇ ಒಟ್ಟಾಗಿ ಹೇಳುತ್ತಾರೆ. ಆ ದನಿ ನೀರಿನ ಮೇಲೆ ತೇಲಿ ಬಂದು, ನನ್ನ ಪಾದಕ್ಕೆ ತಾಗಿ, ಹಿಂದಕ್ಕೆ ಹೋಗುತ್ತದೆ. ನನ್ನನ್ನೂ ಕರೆದಿರಿ ಅನ್ನಿಸಿತು. ಏನೆಂದು ಕರೆದಿರೋ ತಿಳಿಯಲಿಲ್ಲ. ಎಚ್ಚರವಾದಾಗ ಬಿಸಿಲು ಚಾಪೆಯ ತುದಿಗೆ ಬಂದಿತ್ತು. ನಿಮ್ಮ ಪಾಲಿನ ತಣ್ಣಗಿನ ಅನ್ನವನ್ನು ನಾನೇ ಉಂಡೆ.

ಇನ್ನೊಂದು ವರ್ಷ ಇರಿ. ನಿಮ್ಮ ಹೆಸರು ಹೇಳಿ ಬೀದಿಯವರು ಅಳುವುದಕ್ಕಿಂತ ನಗುವುದು ಮೇಲು. ಫೋಟೋ ತೆಗೆದಿದ್ದೇನೆ, ಊಟ ಮಾತ್ರ ಇಡುತ್ತೇನೆ. ನೀರು ಕುದಿಸಿ ಕುಡಿಯಿರಿ.

ನಿಮಗಿಂತ ಎರಡು ವರ್ಷ ದೊಡ್ಡವಳಾದ್ದರಿಂದ ಹರಸುವ ಅಧಿಕಾರ ನನಗಿದೆ. ನಿಮ್ಮ ಗಂಟಲು ಗಟ್ಟಿಯಾಗಿರಲಿ, ಆ ಮಕ್ಕಳಿಗೆ ಕಲಿತದ್ದು ಉಳಿಯಲಿ.

ತೋಕಿಯೆ

ತಾ.ಕ.: ನನ್ನ ವಯಸ್ಸಿನ ಅಜ್ಜಿಯೊಬ್ಬಳು ನಿಮ್ಮ ತರಗತಿಗೆ ಬರುತ್ತಾಳೆಂದೂ, ಕೈ ಹಿಡಿದು ಅವಳ ಹೆಸರು ಬರೆಸಿದಿರೆಂದೂ ಸಂತೋಷದಿಂದ ತಿಳಿಸಿದ್ದೀರಿ. ಮದುವೆಯಾದ ಹೊಸದರಲ್ಲಿ, ಹೈಸ್ಕೂಲಿಗೇ ನಿಂತುಹೋದ ಇಂಗ್ಲಿಷನ್ನು ಮುಂದಕ್ಕೆ ಹೇಳಿಕೊಡಿ ಎಂದು ನಾನೂ ಕೇಳಿದ್ದೆ. "ಅಡುಗೆಮನೇಲಿ ನಿಂಗದ್ಯಾಕೆ?" ಎಂದು ನಕ್ಕಿರಿ. ಮತ್ತೆ ನಾನು ಕೇಳಲಿಲ್ಲ. ಒಂದು ವರ್ಷ ಕೊಟ್ಟಿದ್ದೇನೆ, ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆ ಅಜ್ಜಿಯ ಸುದ್ದಿ ಮಾತ್ರ ಇನ್ನು ಬರೆಯಬೇಡಿ.