ಹಲ್ಲು ಬರುತ್ತಿದೆ ಎಂದು ನೀವು ಹೇಳಿದ ಜ್ವರ

ಅತ್ತೆ, ನಿಮ್ಮ ಸೊಸೆ ವಾಣಿ ಬರೆಯುತ್ತಿದ್ದೇನೆ.

ಒಂದೇ ಮನೆಯಲ್ಲಿದ್ದವರು ನಾವು, ಪತ್ರದ ಅಗತ್ಯ ಎಲ್ಲಿತ್ತು? ಬರೆದಿದ್ದರೂ ನಿಮಗೆ ಓದಿ ಹೇಳಬೇಕಾದವಳು ನಾನೇ. ಆದರೂ ಈಗ ಬರೆಯದೆ ಇರಲಾಗುತ್ತಿಲ್ಲ. ನಿಮ್ಮ ಮೊಮ್ಮಗ ಚಿನ್ಮಯ ಚೆನ್ನಾಗಿದ್ದಾನೆ. ಯಾಕೆ ಚೆನ್ನಾಗಿದ್ದಾನೆ ಎನ್ನುವುದು ನನಗೆ ಗೊತ್ತಾಗಿದೆ. ನಿಮ್ಮ ಕಳ್ಳತನ ಸಿಕ್ಕಿಬಿದ್ದಿದೆ ಅತ್ತೆ!

ಆ ಸಂಜೆ ನೆನಪಿದೆಯೇ? ಮಾದಾಪುರದ ಆಫೀಸಿನಿಂದ ನಮ್ಮ ಕಾಚಿಗೂಡದ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ನಾಲ್ಕು ಹಾಳೆ ನಿಮ್ಮ ಮುಂದೆ ಹಿಡಿದಿದ್ದೆ. ಚಿನ್ಮಯನಿಗೆ ಒಂಬತ್ತು ತಿಂಗಳು ತುಂಬಿತ್ತು, ದಡಾರದ ಚುಚ್ಚುಮದ್ದು ಹಾಕಿಸಬೇಕಿತ್ತು. ಅಷ್ಟರಲ್ಲಿ ಯಾರೋ ಯಾರಿಗೋ ಕಳಿಸಿ, ಕೊನೆಗೆ ಗೆಳತಿಯೊಬ್ಬಳಿಂದ ನನಗೂ ತಲುಪಿದ ಇಮೇಲ್ ಅದು. ಆ ಚುಚ್ಚುಮದ್ದಿನಿಂದ ಮಕ್ಕಳ ಮಾತು ನಿಲ್ಲುತ್ತದೆ, ಬುದ್ಧಿ ಮಂಕಾಗುತ್ತದೆ ಎಂದೆಲ್ಲ ಬರೆದಿತ್ತು. ನನ್ನ ಕೆಲಸವೇನು ಹೇಳಿ? ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಒಂದು ಬಟನ್ ಸರಿಯಿದೆ ಎನ್ನಲು ಇಪ್ಪತ್ತು ಸಲ ಒತ್ತಿ ನೋಡುವವಳು ಹೆಸರು ವಿಳಾಸ ಇಲ್ಲದ ಆ ಇಮೇಲನ್ನು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದ್ದೆ.

ನೀವು ಎಲ್ಲವನ್ನೂ ಕೇಳಿ, ಮಡಿಸುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಿರಿ. "ಇದನ್ನ ಬರದವ್ರು ಯಾರವ್ವಾ? ಡಾಕ್ಟರ್ ಏನು?" ಎಂದಿರಿ. ಗೊತ್ತಿಲ್ಲ ಎನ್ನುವ ಬದಲು ನನಗೆ ಸಿಟ್ಟು ಬಂತು. ನನ್ನ ಮಗನ ವಿಷಯ ನನಗೆ ಬಿಡಿ, ಇದೆಲ್ಲ ನಿಮಗೆ ಅರ್ಥವಾಗುವಂಥದ್ದಲ್ಲ ಎಂದುಬಿಟ್ಟೆ. ಮೈಸೂರಿನಲ್ಲಿ ನನ್ನ ಅಮ್ಮನಿಗೆ ಹಾಗೆಂದಿದ್ದರೆ ಮೂರು ದಿನ ಮಾತು ನಿಲ್ಲುತ್ತಿತ್ತು. ನೀವು ಇಷ್ಟೇ ಹೇಳಿದಿರಿ: "ನೀ ಓದಿ ತಿಳಕೊಂಡಿ. ನಾ ನೋಡಿ ತಿಳಕೊಂಡೀನಿ, ವಾಣಿ." ಏನು ನೋಡಿದ್ದೀರಿ ಎಂದು ನಾನು ಯಾಕೆ ಕೇಳಲಿಲ್ಲ?

ಮೂರು ವಾರದ ಮೇಲೆ ಚಿನ್ಮಯನಿಗೆ ಜ್ವರ ಬಂದದ್ದೂ ನೆನಪಿದೆ. ನಾನು ಗಾಬರಿಯಾಗಿ ರಜೆ ಹಾಕಲು ಹೊರಟರೆ ನೀವು ಅವನನ್ನು ತೊಡೆಯ ಮೇಲೆ ಹಾಕಿಕೊಂಡು ನೆಮ್ಮದಿಯಾಗಿ ಕೂತಿದ್ದಿರಿ. "ಹಲ್ಲ ಬರಾಕತ್ತಾವ, ಗಾಬರಿ ಆಗಬ್ಯಾಡ. ನಾಳೆಗೆ ಇಳೀತೈತಿ." ನಿಜಕ್ಕೂ ಇಳಿಯಿತು. ಎಷ್ಟು ಖಾತ್ರಿಯಾಗಿ ಹೇಳಿದಿರಿ ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಅದಾಗಿ ಎರಡೇ ತಿಂಗಳು, ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಕೂತವರು ಕೂತಲ್ಲೇ... ನಿಮ್ಮ ಮಗ ಗುರು ಇವತ್ತಿಗೂ ಆ ಕುರ್ಚಿಯಲ್ಲಿ ಕೂರುವುದಿಲ್ಲ. ಮನೆಯಲ್ಲಿ ಮಗುವನ್ನು ನೋಡುವವರಿಲ್ಲದೆ ಚಿನ್ಮಯನನ್ನು ಹತ್ತಿರದ ಶಿಶುವಿಹಾರಕ್ಕೆ ಹಾಕಿದೆವು. ತಿಂಗಳೊಳಗೆ ಅಲ್ಲಿನ ಮೂರು ಮಕ್ಕಳಿಗೆ ದಡಾರ. ಒಂದು ಮಗುವನ್ನು ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಸೇರಿಸಿದರು. ಅದು ಚಿನ್ಮಯನ ಜೊತೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಮಗು. ಚುಚ್ಚುಮದ್ದು ತಡೆದವಳು ನಾನೇ, ಬೇರೆ ಯಾರನ್ನು ಬಯ್ಯಲಿ?

ಡಾಕ್ಟರು ಮಗುವಿನ ಎಲ್ಲ ಕಾಗದ ತನ್ನಿ ಎಂದರು. ಕಾಗದಗಳಿದ್ದದ್ದು ನಿಮ್ಮ ಟ್ರಂಕಿನಲ್ಲಿ, ಮಾವನವರ ರೈಲ್ವೆ ಪಾಸಿನ ಪ್ಲಾಸ್ಟಿಕ್ ಕವರಿನಲ್ಲಿ. ಬಿಚ್ಚಿದರೆ ನಾನು ಎಂದೂ ನೋಡದ ಹಳದಿ ಕಾರ್ಡೊಂದು. ಮಗುವಿನ ಹೆಸರು ಚಿನ್ಮಯ. ದಡಾರದ ಮುಂದೆ ತಾರೀಕು, ಸಹಿ. ಎರಡು ಸಲ ಓದಿದೆ, ಮೂರನೆಯ ಸಲ ಗುರುವಿನ ಕೈಯಲ್ಲಿ ಓದಿಸಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಆ ಕಾರ್ಡು ಹಿಡಿದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿನ ಸಿಸ್ಟರ್ ನಿಮ್ಮನ್ನು ಮರೆತಿರಲಿಲ್ಲ. ಬುಧವಾರದ ಸಾಲಿನಲ್ಲಿ ಮಗುವನ್ನೆತ್ತಿಕೊಂಡು ಒಂದೂವರೆ ಗಂಟೆ ನಿಂತಿದ್ದಿರಂತೆ. ಮಗುವಿನ ತಾಯಿ ಎಲ್ಲಿ ಎಂದು ಸಿಸ್ಟರ್ ಕೇಳಿದಾಗ, ಈ ಊರಿನ ಹಿಂದಿಯಲ್ಲಿ "ಬಹೂ ಬಹುತ್ ಪಢೀ-ಲಿಖೀ ಹೈ, ಉಸ್ಕು ನಕ್ಕೋ ಬೋಲೋ" ಎಂದಿರಂತೆ. ಸೊಸೆ ಬಹಳ ಓದಿದವಳು, ಅವಳಿಗೆ ಹೇಳಬೇಡಿ! ಸಿಸ್ಟರ್ ಇದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನೀವು ನೋಡಿದ್ದೇನೆಂದು ಹೇಳಿದರು. ನಿಮ್ಮ ಮೊದಲ ಮಗಳು, ಎರಡು ವರ್ಷದ ಶಾಂತಾ. ದಡಾರ ಎದ್ದಾಗ ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವು ಕಟ್ಟಿ, ಡಾಕ್ಟರನ್ನು ಕರೆಯಬಾರದೆಂದು ಹಿರಿಯರು ತಡೆದರಂತೆ. ದದ್ದು ಇಳಿಯಿತು, ಕೆಮ್ಮು ಎದೆಗಿಳಿಯಿತು, ಮಗು ಉಳಿಯಲಿಲ್ಲ. ಆ ಮಗುವಿನ ಹೆಸರನ್ನು ಗುರು ಕೂಡ ಕೇಳಿರಲಿಲ್ಲ. ಪರಿಚಯವಿಲ್ಲದ ಸಿಸ್ಟರ್ ಮುಂದೆ ಬಿಚ್ಚಿದ ಮನಸ್ಸನ್ನು ನನ್ನ ಮುಂದೆ ಬಿಚ್ಚಲು ನಾನು ಜಾಗವನ್ನೇ ಕೊಟ್ಟಿರಲಿಲ್ಲ, ಅಲ್ಲವೇ?

ಡಾಕ್ಟರ ಮುಂದೆ ಈ ಸಲ ನಾನು ಕೆಲಸದ ಬುದ್ಧಿಯನ್ನೇ ತೋರಿಸಿದೆ, ಪ್ರಶ್ನೆ ಮೇಲೆ ಪ್ರಶ್ನೆ. ಆ ಇಮೇಲಿನ ಮಾತು ಸುಳ್ಳು ಎಂದರು. ಒಂಬತ್ತನೇ ತಿಂಗಳೇ ಯಾಕೆ ಎಂದೆ. ತಾಯಿಯಿಂದ ಬಂದ ರಕ್ಷಣೆ ಅಷ್ಟರಲ್ಲಿ ಕರಗುತ್ತಾ ಬರುತ್ತದೆ, ಆಮೇಲೆ ಮಗುವಿನ ಮೈ ತಾನೇ ಕಲಿಯಬೇಕು ಎಂದರು. ಹಲ್ಲಿನ ಜ್ವರದ ಕಥೆ ಹೇಳಿದೆ. ಕಾರ್ಡಿನ ತಾರೀಕು ಎಣಿಸಿ ನಕ್ಕರು: ಸರಿಯಾಗಿ ಒಂಬತ್ತನೇ ದಿನ, ಮೈ ಪಾಠ ಕಲಿಯುತ್ತಿದ್ದ ಜ್ವರ ಅದು. ಒಂದು ಚುಚ್ಚುಮದ್ದು ಬಹಳಷ್ಟು ಕಾಯುತ್ತದೆ, ಆದರೂ ಎರಡು ವಾರ ಗಮನಿಸಿ ಎಂದರು. ದಿನಾ ಬೆಳಿಗ್ಗೆ ಅವನ ಅಂಗಿ ಎತ್ತಿ ಬೆನ್ನು ನೋಡುತ್ತಿದ್ದೆ. ಅವನೋ ಕಚಗುಳಿಯೆಂದು ಕೇಕೆ ಹಾಕುತ್ತಿದ್ದ. ಎರಡು ವಾರ ಕಳೆಯಿತು. ಒಂದು ಕೆಂಪು ಚುಕ್ಕೆಯೂ ಇಲ್ಲ ಅತ್ತೆ. ಆಸ್ಪತ್ರೆಗೆ ಸೇರಿದ್ದ ಮಗುವೂ ಮನೆಗೆ ಬಂದಿದೆ. ನಮ್ಮ ಮೇಲಿನ ಮನೆಯಲ್ಲಿ ಐದು ತಿಂಗಳ ಕೂಸೊಂದಿದೆ, ಚುಚ್ಚುಮದ್ದಿನ ವಯಸ್ಸೇ ಆಗಿಲ್ಲ. ಚಿನ್ಮಯ ದಿನವೂ ಅದರ ಕೆನ್ನೆ ಮುಟ್ಟಿ ಬರುತ್ತಾನೆ. ಇವನಿಗೆ ಬಂದಿದ್ದರೆ ಅದಕ್ಕೂ... ಬೇಡ, ಬರೆಯುವುದಿಲ್ಲ. ನೀವು ಕಾದದ್ದು ಒಂದೇ ಮಗುವನ್ನಲ್ಲ.

ಆ ಇಮೇಲ್ ಕಳಿಸಿದ್ದ ಗೆಳತಿಗೆ ಇದನ್ನೆಲ್ಲ ಬರೆದೆ. ಅವಳೂ ಮಗಳಿಗೆ ಹಾಕಿಸಿದ್ದಾಳೆ. ಶಾಂತಾಳ ಹೆಸರು ಇನ್ನು ಈ ಮನೆಯಲ್ಲಿ ಮುಚ್ಚಿಡುವ ಹೆಸರಲ್ಲ, ನಿನಗೊಬ್ಬಳು ದೊಡ್ಡ ಅತ್ತೆ ಇದ್ದಳು ಎಂದು ಚಿನ್ಮಯನಿಗೆ ಹೇಳುತ್ತೇನೆ.

ಕಳೆದ ವಾರ ಹದಿನೈದನೇ ತಿಂಗಳ ಚುಚ್ಚುಮದ್ದು ಹಾಕಿಸಿದೆ. ರಜೆ ಹಾಕಿ ನಾನೇ ಎತ್ತಿಕೊಂಡು ಹೋಗಿದ್ದೆ. ಇವತ್ತು ಅವನ ಮೈ ಸ್ವಲ್ಪ ಬೆಚ್ಚಗಿದೆ. ಮೇಲಿನ ಮನೆಯವರು ನೋಡಿ, ಹಲ್ಲು ಬರುತ್ತಿರಬೇಕು ಎಂದರು. ಅಲ್ಲ, ಚುಚ್ಚುಮದ್ದಿನ ಜ್ವರ, ಗಾಬರಿಯಿಲ್ಲ, ನಾಳೆಗೆ ಇಳಿಯುತ್ತದೆ ಎಂದೆ.

ನಿಮ್ಮ ಸೊಸೆ ಈಗ ಇಷ್ಟು ಓದಿದ್ದಾಳೆ, ಅತ್ತೆ.