ಅಪ್ಪನ ಗುಡ್ಡದ ಮೇಲೊಂದು ಕಂಬ

ಕರ್ಲೂ ಕೊಲ್ಲಿ, ದಕ್ಷಿಣ ಆಸ್ಟ್ರೇಲಿಯಾ
೧೪ ಸೆಪ್ಟೆಂಬರ್ ೨೦೦೩, ಭಾನುವಾರ

ಪ್ರೀತಿಯ ಕ್ಲೆಮ್,

ಸಿಗಡಿ ಮುಳ್ಳು ಚುಚ್ಚಿದ ಬೆರಳು ಹೇಗಿದೆ? ಊತ ಇಳಿಯಿತೇ? ಉಪ್ಪುನೀರೇ ಔಷಧಿ ಎಂದು ಕಪ್ತಾನ ಹೇಳಿದರೆ ನಂಬಬೇಡ, ಸರಕಿನ ಹಡಗು ಬಂದಾಗ ಮಾತ್ರೆ ಕೇಳಿ ತಗೋ. ಟ್ಯಾಮ್ಸಿನ್ ಮತ್ತು ನಾನು ಚೆನ್ನಾಗಿದ್ದೇವೆ. ನಿನ್ನ ನಾಯಿ ಮಾತ್ರ ದಿನಾ ಸಂಜೆ ದೋಣಿಕಟ್ಟೆಗೆ ಹೋಗಿ ಕೂತು, ಮುಖ ಸಣ್ಣ ಮಾಡಿಕೊಂಡು ವಾಪಸ್ಸು ಬರುತ್ತದೆ.

ಸುದ್ದಿ ಏನೆಂದರೆ, ಲೀತ್ ಪ್ಯಾಸ್ಕೋನ ವಿರಪ್‌ನೆಟ್ ಈಗ ಹತ್ತು ಸಾವಿರ ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದೆ. ಗುರುವಾರದ ವಾರಪತ್ರಿಕೆ ಮೊದಲ ಪುಟದಲ್ಲೇ ಹಾಕಿತು, ಮಾರನೇ ದಿನ ರೇಡಿಯೊದವರೂ ಹೇಳಿದರು. ನನಗಂತೂ ಇನ್ನೂ ನಂಬಿಕೆ ಬಂದಿಲ್ಲ. ಅವನಪ್ಪನ ಬೇಕರಿಯ ಹಿಂದಿನ ಕೋಣೆ ನೆನಪಿದೆಯಲ್ಲ? ಬ್ರೆಡ್ ಆರಿಸುವ ಕಬ್ಬಿಣದ ತಟ್ಟೆಗಳ ಮೇಲೆ ಮೋಡೆಮ್‌ಗಳನ್ನು ಸಾಲಾಗಿ ಜೋಡಿಸಿ, ಕಾದುಹೋಗುತ್ತವೆಂದು ಫ್ಯಾನ್ ಹಿಡಿದು ನಿಂತಿರುತ್ತಿದ್ದ. "ಬನ್ನು ಬೇಯಿಸೋಕೆ ಬರ್ದೇ ಇರೋನು ಲೋಕಾನೇ ಬೇಯಿಸ್ತೀನಂತಾನೆ" ಎಂದು ನೀನು ನಕ್ಕಿದ್ದೆ. ನಾನೂ ನಕ್ಕಿದ್ದೆ. ನಮ್ಮ ಕಡೆಗೆ ತಂತಿ ಎಳೆಯುವುದು ದಂಡ ಎಂದು ನಗರದ ದೊಡ್ಡ ಕಂಪನಿಗಳು ಕೈತೊಳೆದುಕೊಂಡಾಗ ಇವನು ರೈಲುದಾರಿಯ ಗೋಪುರದಂಥ ಗೋಧಿ ಕಣಜಗಳನ್ನು ಹತ್ತಿದ. ಒಂದು ಕಣಜದ ನೆತ್ತಿಯ ಮೇಲೆ ಒಂದು ಆಂಟೆನಾ ತಟ್ಟೆ, ಅದಕ್ಕೆ ಕಾಣುವ ಮುಂದಿನ ಕಣಜದ ಮೇಲೆ ಇನ್ನೊಂದು. ಬಿಳಿ ಗಿಣಿಗಳು ವೈರಿನ ಸಿಪ್ಪೆ ಸುಲಿದು ಹಾಕಿದವು. ಉಕ್ಕಿನ ಕೊಳವೆಯೊಳಗೆ ಹಾಕಿ ಮತ್ತೆ ಎಳೆದ. ಗೋಧಿ ಹೋಗುವ ದಾರಿಯಲ್ಲೇ ಈಗ ಜನರ ಮಾತೂ ಹೋಗುತ್ತಿದೆ. ಕಳೆದ ತಿಂಗಳು ಬೇಕರಿಗೆ ಹೋಗಿದ್ದೆ. ಒಲೆ ಇದ್ದ ಜಾಗದಲ್ಲಿ ತಣ್ಣನೆಯ ಕೋಣೆ, ಗೋಡೆಯುದ್ದಕ್ಕೂ ಸಣ್ಣ ಹಸಿರು ದೀಪಗಳು. ಒಂದೊಂದು ಮಿಣುಕೂ ಯಾರೋ ಒಬ್ಬರ ಮಾತು ಎಂದ ಲೀತ್. ಚರ್ಚಿನಲ್ಲಿ ನಿಂತ ಹಾಗೆ ನಿಂತುಬಿಟ್ಟೆ. ಪಕ್ಕದಲ್ಲಿ ಫೋನು ಹಿಡಿದಿದ್ದ ಹುಡುಗಿ ಇಂಟರ್ನೆಟ್ ನಿಂತುಹೋದ ಯಾರಿಗೋ "ಅಜ್ಜಾ, ಪೆಟ್ಟಿಗೆ ಆರ್ಸಿ, ಒಂದ್ ಟೀ ಕುಡೀರಿ, ಆಮೇಲೆ ಹಾಕಿ. ಇಲ್ಲ, ಟೀ ನಿಮ್ಗೆ, ಪೆಟ್ಟಿಗೆಗಲ್ಲ" ಎನ್ನುತ್ತಿದ್ದಳು.

ನಮ್ಮ ಕೊಲ್ಲಿಯ ಎಂಟು ಮನೆಗಳಿಗೆ ಮಾತ್ರ ಅದು ಬಂದಿಲ್ಲ. ಕಾರಣ ನಿನಗೂ ನನಗೂ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಕಣಜವೂ ನಮ್ಮ ಮನೆಗಳೂ ಎರಡೂ ಕಾಣುವ ಜಾಗ ನಿಮ್ಮಪ್ಪನ ಗುಡ್ಡ ಒಂದೇ. ಅಲ್ಲಿ ಕಂಬ ನಿಂತರೆ, ಕಡಲಿನಿಂದ ಕಂಬವನ್ನೂ ಅದರ ಹಿಂದೆ ದೂರದಲ್ಲಿ ಕಾಣುವ ಕಣಜದ ನೆತ್ತಿಯನ್ನೂ ಒಂದೇ ಗೆರೆಯಲ್ಲಿಟ್ಟುಕೊಂಡು ದೋಣಿ ನಡೆಸಿದವರು ನೇರವಾಗಿ ನಮ್ಮ ಕಾಣೆ ಮೀನಿನ ನೆಲೆಯ ಮೇಲೇ ಬಂದು ನಿಲ್ಲುತ್ತಾರೆ. ನಿಮ್ಮಪ್ಪ ಸಾಯುವವರೆಗೂ ಬಚ್ಚಿಟ್ಟ ನೆಲೆ. ಅದಕ್ಕೇ ನೀನು ಸಿಗಡಿ ದೋಣಿಗೆ ಹೋಗುವಾಗ "ಗುಡ್ಡದ ಮೇಲೆ ಒಂದು ಕಡ್ಡೀನೂ ನೆಡೋಕೆ ಬಿಡ್ಬೇಡ, ಮೆರಿಡಿ" ಎಂದೆ. ನಾನೂ ಲೀತ್‌ಗೆ ಎರಡು ಸಲ ಇಲ್ಲ ಎಂದೆ. ಗುಡ್ಡದ ಆಚೆಯ ವೋಂಡಾ ಸುಮ್ಮನಿರುತ್ತಾಳೆಯೇ? "ಏನೇ, ನಿನ್ ಗಂಡ ಅಲ್ಲೇನು ಚಿನ್ನ ಹೂತಿಟ್ಟಿದಾನಾ?" ಎಂದಳು. "ಚಿನ್ನ ಇದ್ದಿದ್ರೆ ಅವ್ನು ಸಿಗಡಿ ಹಿಡಿಯೋಕೆ ಯಾಕೆ ಹೋಗ್ತಿದ್ದ?" ಎಂದೆ.

ಈಗ ಶಾಲೆಯವರಿಂದ ತಿಳಿದುಬಂದದ್ದು: ಮುಂದಿನ ವರ್ಷದಿಂದ ಟ್ಯಾಮ್ಸಿನ್ ತರಗತಿಗೆ ರೇಡಿಯೊ ಪಾಠ ಇರುವುದಿಲ್ಲ, ಎಲ್ಲವೂ ಇಂಟರ್ನೆಟ್‌ನಲ್ಲಿ. ಅದಿಲ್ಲದ ಮಕ್ಕಳು ಅಡಿಲೇಡ್‌ನ ಹಾಸ್ಟೆಲಿಗೆ ಹೋಗಬೇಕು. ಅವಳಿಗೆ ಹನ್ನೊಂದು ವರ್ಷ, ಕ್ಲೆಮ್.

ಹೊಸ ಪಾಠ ಹೇಗಿರುತ್ತದೆ ನೋಡೋಣ ಎಂದು ಮಂಗಳವಾರ ಅವಳನ್ನು ವೋಂಡಾ ಮನೆಗೆ ಕರೆದುಕೊಂಡು ಹೋದೆ; ಗುಡ್ಡದ ಆಚೆಯಿಂದ ಕಣಜ ಕಾಣುವುದರಿಂದ ಅಲ್ಲಿಗೆ ಇಂಟರ್ನೆಟ್ ಬಂದಿದೆ. ಗುಡ್ಡ ಸುತ್ತಿ ಹೋಗುವ ಆ ಮರಳುದಾರಿ ನಿನಗೆ ಗೊತ್ತು, ದಿನಾ ಆಗುವ ಮಾತಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರು, ಅದರ ನೆತ್ತಿಗೊಂದು ಪುಟ್ಟ ಕ್ಯಾಮೆರಾ, ಪಕ್ಕದಲ್ಲಿ ಅರ್ಧ ಸುಲಿದ ಆಲೂಗಡ್ಡೆ. ಪರದೆಯಲ್ಲಿ ಮೊದಲು ಬೂದು ಚೌಕಗಳು, ಆಮೇಲೆ ತಡವರಿಸುತ್ತಾ ಒಂದು ಮುಖ. ನಾಲ್ಕು ವರ್ಷ ರೇಡಿಯೊದ ಗೊರಗೊರದ ನಡುವೆ ಬರೀ ದನಿಯಾಗಿ ಪಾಠ ಹೇಳಿದ ಮಿಸ್ ಕ್ವಿಲ್ಟಿಯ ಮುಖ. ಟ್ಯಾಮ್ಸಿನ್ ಬಾಯಿ ತೆರೆದುಕೊಂಡು ನೋಡಿ, "ಮಿಸ್, ನಿಮ್ಮ ಕೂದ್ಲು ಕೆಂಪಾ! ನಾನು ಕಪ್ಪು ಅಂದ್ಕೊಂಡಿದ್ದೆ" ಎಂದಳು. ಆಕೆ ನಕ್ಕು, "ನಿನ್ನ ಹಲ್ಲು ಯಾವಾಗ ಬಿತ್ತು? ಹೇಳ್ಲೇ ಇಲ್ವಲ್ಲ ಕಳ್ಳಿ" ಎಂದರು. ಮಾತು ಮುಗಿದಾಗ ಅವಳು ರೇಡಿಯೊ ಅಭ್ಯಾಸದಲ್ಲಿ "ಓವರ್" ಎಂದಳು. ಆ ಮಾತು ಮುಗಿಯುವ ಮೊದಲೇ ಉತ್ತರ ಬಂತು. ವೋಂಡಾ ಚಾಕು ಹಿಡಿದುಕೊಂಡೇ ನಿಂತಿದ್ದಳು. ಇಷ್ಟು ಬರಿದಾದ ನೆಲದ ಮೇಲೆ ಒಂದು ಮುಖ ಹೀಗೆ ಹಾರಿ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಗಾಳಿ ಎದ್ದಾಗ ತೆರೆದ ಕಡೆ ನಿಲ್ಲಬೇಡ. ಹುಡುಗರಿಗೆಲ್ಲ ನನ್ನ ನೆನಪು ಹೇಳು. ಸಮುದ್ರ ನಿನ್ನನ್ನು ನೆಟ್ಟಗೆ ಮನೆಗೆ ಕಳಿಸಲಿ.

ನಿನ್ನ
ಮೆರಿಡಿ

ತಾ.ಕ.: ಲೀತ್‌ಗೆ ಹೂಂ ಎಂದಿದ್ದೇನೆ. ಗುಡ್ಡದ ಪಕ್ಕೆಯಲ್ಲಿ ಕೆಳಗೆ ನಿಲ್ಲಿಸಬಹುದೇ ಎಂದು ಕೇಳಿದೆ. ಅಲ್ಲಿಂದ ಕಣಜ ಕಾಣುವುದಿಲ್ಲ ಎಂದ. ನೆಲೆಯ ವಿಷಯ ಬಾಯಿಬಿಟ್ಟಿಲ್ಲ. ಆದರೂ ಬೇಸಿಗೆಯೊಳಗೆ ಯಾರೋ ಒಬ್ಬರು ಕಂಬವನ್ನೂ ಕಣಜವನ್ನೂ ಸೇರಿಸಿ ನೋಡುತ್ತಾರೆ, ಆಮೇಲೆ ಎಲ್ಲರೂ ಬರುತ್ತಾರೆ. ನಿನ್ನನ್ನು ಕೇಳದೇ ಮಾಡಿದೆ, ಏಕೆಂದರೆ ಕಪ್ತಾನನ ಫೋನಿನಲ್ಲಿ ದೋಣಿಯಿಡೀ ಕಿವಿಗೊಟ್ಟಿರುವಾಗ ಈ ಮಾತು ಆಡುವಂತಿರಲಿಲ್ಲ. ಕೋಪ ಬಂದರೆ ನನ್ನ ಮೇಲೆ ಮಾಡು, ಮಗಳ ಮೇಲೆ ಬೇಡ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಕಂಬ ನಿಂತಿರುತ್ತದೆ. ಎಂಟು ಮನೆಯವರೂ ಸಲಿಕೆ ತರುತ್ತಾರೆ, ಸಾಸೇಜ್ ಸುಡುವುದು ವೋಂಡಾ. ಶನಿವಾರ ಬೆಳಿಗ್ಗೆ ಏಳಕ್ಕೆ ಕಾಂಕ್ರೀಟ್ ಸುರಿಯುತ್ತಾರೆ.